ಗಿರಣಿಯ ಸೋಮವಾರಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಮಾಲೀಕರು ಹಣೆ ತುಂಬ ವಿಭೂತಿ ಬಳಿದುಕೊಂಡೇ ಬರುವವರು. ಹಮಾಲರೆಲ್ಲ ಕೂಡಿ ವಾರಕ್ಕೊಂದು ರಜೆ ಕೇಳಿದರು. ರಜೆ ಸಿಗಲಿಲ್ಲ, ಪ್ರವಚನ ಸಿಕ್ಕಿತು.

ದೇವದುರ್ಗದ ಕಡೆಯ ಒಬ್ಬ ಸ್ವಾಮಿಗಳು ಪ್ರತಿ ಸೋಮವಾರ ಸಂಜೆ ಮಾಲೀಕರ ಕಾರಿನಲ್ಲಿ ಬಂದಿಳಿಯುತ್ತಿದ್ದರು. ಭತ್ತ ಒಣಗಿಸುವ ಅಂಗಳದಲ್ಲಿ ಅವರಿಗೆ ಮೆತ್ತನೆಯ ಗಾದಿ. ದಿನವಿಡೀ ಮೂಟೆ ಹೊತ್ತವರಿಗೆ ಬರೀ ನೆಲ. ನಡುವೆ ಎದ್ದು ಹೋದವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಭಕ್ತಿಗೂ ಹಾಜರಿ ಹಾಕಿದ ಮಹಾನುಭಾವರು ನಮ್ಮ ಮಾಲೀಕರು.

"ದುಡಿಯುವುದೇ ಪೂಜೆ. ಪೂಜೆಯಲ್ಲಿ ದಣಿವು ಎಂಬುದಿಲ್ಲ," ಎನ್ನುತ್ತಿದ್ದರು ಸ್ವಾಮಿಗಳು. ನೀರಿನ ಲೋಟವನ್ನೂ ಅವರ ಕೈಗೆ ಬೇರೆಯವರೇ ಕೊಡಬೇಕಿತ್ತು.

ಅಕ್ಕಿ ಹಸನು ಮಾಡಲು ಮಲ್ಲಟದಿಂದ ಬರುವ ಒಬ್ಬ ಹೆಂಗಸಿದ್ದಳು. ನಲವತ್ತು ದಾಟಿರಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಪ್ರವಚನ ಉದ್ದವಾದ ದಿನ ಆಕೆಯ ಊರಿನ ಬಸ್ಸು ತಪ್ಪುತ್ತಿತ್ತು. ಒಂದು ಸೋಮವಾರ ಎದ್ದು ಕೈಮುಗಿದಳು.

"ಯಪ್ಪಾ, ದುಡಿಯೋದ ಪೂಜಿ ಅಂತೀರಿ. ಮುಂಜಾನಿಂದ ಆ ಪೂಜಿ ಮಾಡೇ ಬಂದೀವ್ರಿ. ಮತ್ತ ಇಲ್ಲಿ ಯಾಕ ಕುಂದ್ರಸ್ತೀರಿ? ನನ್ನ ಬಸ್ಸಿಗೆ ಹೊತ್ತಾಗಾಕತ್ತದ."

ಆಕೆ ಚುಚ್ಚಿ ಆಡಿದ್ದಲ್ಲ, ನಿಜವಾಗಿಯೇ ಕೇಳಿದ್ದಳು. "ಎಂಥಾ ಮುಗ್ಧ ಭಕ್ತಿ ನೋಡ್ರಿ," ಎಂದು ಸ್ವಾಮಿಗಳು ನಕ್ಕರು. ಮಾಲೀಕರೂ ನಕ್ಕರು.

ಮರುದಿನ ಬೆಳಿಗ್ಗೆ ಮಾಲೀಕರು ನನ್ನನ್ನು ಕರೆದು, "ಆಕಿಗೆ ಇನ್ನ ಬರಬ್ಯಾಡ ಅಂತ ಹೇಳು. ಇವತ್ತು ದೇವರಿಗೆ ಅಂಜದಾಕಿ ನಾಳಿ ನನಗೂ ಅಂಜಂಗಿಲ್ಲ," ಎಂದರು. ಧರ್ಮದ ಬಗ್ಗೆ ಆ ಮನುಷ್ಯನ ಬಾಯಿಂದ ನಾನು ಕೇಳಿದ ಒಂದೇ ಪ್ರಾಮಾಣಿಕ ಮಾತು ಅದು.

ಹೋಗಿ ಹೇಳಿದೆ. ಆಕೆ ಮೊರ ಕೆಳಗಿಟ್ಟು, ಸೆರಗಿನ ಧೂಳು ಕೊಡವಿ, ನನ್ನ ಕಡೆ ನೋಡದೆ ಹೊರಟಳು. ಹಮಾಲರು ತಲೆ ತಗ್ಗಿಸಿ ಮೂಟೆ ಹೊರುತ್ತಲೇ ಇದ್ದರು. ಪದವಿ ಓದಿದ ನಾನು ಹಾಜರಿ ಪುಸ್ತಕ ತೆಗೆದು ಆಕೆಯ ಹೆಸರು ಹೊಡೆದುಹಾಕಿದೆ.

ಮೂರ್ನಾಲ್ಕು ವರ್ಷದ ಮೇಲೆ ರಾಯಚೂರಿನಲ್ಲಿ, ಒಬ್ಬ ಮುಸ್ಲಿಂ ವ್ಯಾಪಾರಿಯ ಶೇಂಗಾ ಗೋದಾಮಿನ ಬಾಗಿಲಲ್ಲಿ ಆಕೆಯೇ ಕೂತಿದ್ದಳು. ಅತ್ತೆ ತೀರಿಕೊಂಡ ಮೇಲೆ ಸಂಸಾರ ಸಮೇತ ಇಲ್ಲಿಗೇ ಬಂದರಂತೆ.

"ಇಲ್ಲಿ ಹೆಂಗದ?" ಎಂದೆ.

"ಸಾಹೇಬ್ರು ಹೊತ್ತಿಗೆ ಸರಿಯಾಗಿ ನಮಾಜಿಗೆ ಹೋಗ್ತಾರ್ರಿ. ತಾವೊಬ್ರೇ ಹೋಗ್ತಾರ. ಆವಾಗ ನಾವು ಕಾಲು ಚಾಚಿ ಕುಂದ್ರತೀವಿ," ಎಂದು, "ಬರ್ರಿ, ಚಹಾ ಕುಡುದು ಹೋಗ್ರಿ," ಎಂದಳು.

ಆಕೆಯ ಎದುರು ಕೂರುವ ಮುಖ ನನಗಿರಲಿಲ್ಲ. ಕೆಲಸವಿದೆ ಎಂದು ಸುಳ್ಳು ಹೇಳಿ ಬಂದುಬಿಟ್ಟೆ.