ಸುಚಿತಾ ಹೊಡೆಯುವ ಗಾಡಿ

ಪೆಟ್ರೋಲ್ ಬಂಕಿನಲ್ಲಿ ಸುಚಿತಾ ಗಾಡಿ ನಿಲ್ಲಿಸಿದರೆ ಪೈಪು ಹಿಡಿದವನು ಮೊದಲು ಅವಳ ಬೆನ್ನ ಹಿಂದೆ ನೋಡುತ್ತಿದ್ದ. ಗಾಡಿಯ ಯಜಮಾನ ಎಲ್ಲೋ ಹಿಂದೆ ಬರುತ್ತಿರಬೇಕು ಎಂಬ ನೋಟ ಅದು. ಒಮ್ಮೆಯಂತೂ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಯಾವನೋ ಗಂಡಸಿನ ಹತ್ತಿರ, "ಎಷ್ಟಕ್ಕೆ ಹಾಕೂದು?" ಎಂದು ಕೇಳಿಬಿಟ್ಟ.

"ಗಾಡಿ ಮೇಲೆ ಕೂತ್ಕಂಡವಳು ನಾನು. ಅವರ ಹತ್ರ ಎಂತ ಕೇಳೂದು?" ಎಂದು ಸುಚಿತಾ ಕೂಗಿದ ಕೂಗಿಗೆ ಆಚೆ ಗಾಲಿಗೆ ಗಾಳಿ ತುಂಬುತ್ತಿದ್ದವನೂ ತಿರುಗಿ ನೋಡಿದ.

ಎಂಟು ವರ್ಷದಿಂದ ಅದೇ ಬಂಕು, ಅದೇ ಹೆಂಗಸು, ಅದೇ ಗಾಡಿ. ಕಣ್ಣಿಗೆ ಕಂಡದ್ದು ತಲೆಗೆ ಇಳಿಯಲು ಇವರಿಗೆ ಇನ್ನೆಷ್ಟು ವರ್ಷ ಬೇಕೋ ದೇವರೇ ಬಲ್ಲ.

ಸುಚಿತಾಗೆ ನಲವತ್ತೊಂದು ವರ್ಷ. ಹುಟ್ಟಿದ್ದು ಮಾವಿನಕುರ್ವೆಯಲ್ಲಿ, ಕೊಟ್ಟದ್ದು ಹೊಳೆಯ ಈಚೆಯ ಕಾಸರಕೋಡಿಗೆ. ಬೆಳಕು ಹರಿಯುವ ಹೊತ್ತಿಗೆ ಬಂದರಿನಲ್ಲಿ ಮೀನು ಕೊಂಡು, ಪೆಟ್ಟಿಗೆಗೆ ಐಸು ತುಂಬಿ, ಹೊನ್ನಾವರ ದಾಟಿ ಗೇರುಸೊಪ್ಪದವರೆಗೆ ಮನೆಮನೆಗೆ ಮಾರುವುದು ಅವಳ ಕೆಲಸ. ಮೊದಲೆಲ್ಲ ಬಸ್ಸಿನಲ್ಲಿ ಹೋಗುತ್ತಿದ್ದಳು. ಒಂದು ದಿನ ಯಾರೋ ಮೂಗು ಮುಚ್ಚಿಕೊಂಡರೆಂದು ಕಂಡಕ್ಟರು ಉಪ್ಪೋಣಿಯ ಹತ್ತಿರ ಅವಳ ಬುಟ್ಟಿಯನ್ನು ರಸ್ತೆಬದಿಗೆ ಇಳಿಸಿ, ಅವಳನ್ನೂ ಇಳಿಸಿ, ರೈಟ್ ಹೇಳಿದ. ಮೂಗು ಮುಚ್ಚಿಕೊಂಡ ಆಸಾಮಿ ಹಿಂದಿನ ವಾರವಷ್ಟೇ ಅವಳ ಹತ್ತಿರ ಗಂಟೆಗಟ್ಟಲೆ ಚೌಕಾಶಿ ಮಾಡಿ ಬಂಗಡೆ ಒಯ್ದವನು. ತಿನ್ನುವಾಗ ಇಲ್ಲದ ವಾಸನೆ ಬಸ್ಸಿನಲ್ಲಿ ಎಲ್ಲಿಂದ ಬಂತು ಎಂದು ಅವಳು ಕೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಅವತ್ತು ಮನೆಗೆ ಬಂದವಳೇ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ಬಿದ್ದಿದ್ದ ಗಂಡನ ಆರ್‌ಎಕ್ಸ್ ಹಂಡ್ರೆಡ್ ಅನ್ನು ಹೊರಗೆಳೆದಳು.

ಗಂಡ ದಾಸ ತಾಂಡೇಲ ಅದನ್ನು ಮದುವೆಗೆ ಮೊದಲು ಕುಮಟೆಯಲ್ಲಿ ಯಾರದೋ ಕೈಯಿಂದ ಕೊಂಡಿದ್ದ. ಡೀಸೆಲ್ ಟ್ರಾಲರ್ ಬೋಟಿಗೆ ಸೇರಿ ವಾರಗಟ್ಟಲೆ ಸಮುದ್ರದಲ್ಲೇ ಇರತೊಡಗಿದ ಮೇಲೆ ಗಾಡಿ ಮೂಲೆ ಸೇರಿತ್ತು. ಹೆಂಡತಿಗೆ ಹೊಡೆಯಲು ಕಲಿಸಿದವನು ಅವನೇ, ಸಮುದ್ರದ ಅಂಚಿನ ಗಟ್ಟಿ ಮರಳಿನ ಮೇಲೆ.

"ಎರಡು ಬೆರಳು ಯಾವಾಗ್ಲೂ ಕ್ಲಚ್ಚಿನ ಮೇಲೇ ಇರ್ಲಿ," ಎಂದು ಹೇಳಿಕೊಟ್ಟಿದ್ದ. "ಟೂ-ಸ್ಟ್ರೋಕ್ ಎಂಜಿನ್ ಒಂದೊಂದ್ಸಲ ಓಡ್ತಾ ಓಡ್ತಾ ಹಿಡ್ಕಂಡ್ ಬಿಡ್ತದೆ. ಹಿಂದಿನ ಗಾಲಿ ಜಾಮ್. ತಕ್ಷಣ ಕ್ಲಚ್ ಹಿಡೀದೇ ಇದ್ರೆ ನೀನೊಂದು ಕಡೆ, ಮೀನೊಂದು ಕಡೆ."

ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂದೂ ಅವನೇ ತೋರಿಸಿದ. ಸಣ್ಣ ದೋಣಿಗಳ ಹಿಂದೆ ಕಟ್ಟುವ ಎಂಜಿನ್ನಿನ ಆಯಿಲ್ ಬೇರೆ, ಬೈಕಿನದು ಬೇರೆ, ಅಪ್ಪಿತಪ್ಪಿಯೂ ಅದನ್ನು ಇದಕ್ಕೆ ಹಾಕಬೇಡ ಎಂದು ಮೂರು ಸಲ ಹೇಳಿದ್ದ. ಆಗ ಅವನಿಗೂ ಖುಷಿ ಇತ್ತು. ಹೆಂಡತಿ ಮೊದಲ ಸಲ ಟಾಪ್ ಗೇರಿಗೆ ಹಾಕಿದಾಗ ಹಿಂದಿನಿಂದ ಓಡಿಬಂದು ಶಿಳ್ಳೆ ಹೊಡೆದವನು ಇದೇ ದಾಸ.

ಆ ಗಾಡಿಯ ಮಜಾ ಹೊಡೆದವರಿಗೇ ಗೊತ್ತು. ನೂರು ಸಿಸಿಯೂ ತುಂಬದ ಎಂಜಿನ್, ಹನ್ನೊಂದು ಹಾರ್ಸ್‌ಪವರ್, ಇಬ್ಬರು ಹಿಡಿದರೆ ಎತ್ತಿ ದೋಣಿಗೆ ಹಾಕಬಹುದಾದಷ್ಟು ತೂಕ. ಈಗಿನ ಗಾಡಿಗಳ ಎಂಜಿನ್ ಎರಡು ಸುತ್ತಿಗೊಮ್ಮೆ ಉರಿದರೆ ಇದು ಪ್ರತಿ ಸುತ್ತಿಗೂ ಉರಿಯುತ್ತದೆ. ಮೊದಮೊದಲು ಪಟಪಟ ಎನ್ನುತ್ತ ಏನೂ ಅರಿಯದಂತೆ ಹೋಗುತ್ತದೆ. ಆಕ್ಸಿಲರೇಟರ್ ಅರ್ಧ ದಾಟಿತೋ, ದನಿ ಒಮ್ಮೆಲೇ ತೆಳ್ಳಗಾಗಿ ಏರಿ, ಯಾರೋ ಹಿಂದಿನಿಂದ ನೂಕಿದ ಹಾಗೆ ಎಳೆಯುತ್ತದೆ. ಹಿಂದೆ ಮೂವತ್ತೈದು ಕೆಜಿ ಮೀನು, ಅದರ ಮೇಲೆ ಐಸು ಇದ್ದರೂ ಏರಿನಲ್ಲಿ ಒಂದು ಗೇರು ಇಳಿಸಿದರೆ ಸಾಕು. ಇಳಿಜಾರಿನಲ್ಲಿ ಮಾತ್ರ ಹುಷಾರು ಬೇಕು. ಎಂಜಿನ್ ಗಾಡಿಯನ್ನು ತಡೆದು ಹಿಡಿಯುವುದಿಲ್ಲ, ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಟ್ಟರೆ ಪೆಟ್ರೋಲಿನ ಜೊತೆ ಒಳಗೆ ಹೋಗುವ ಆಯಿಲ್ಲೂ ನಿಲ್ಲುತ್ತದೆ. ಹಾಗಾಗಿ ಅವಳು ಇಳಿಯುವಾಗಲೂ ಆಗಾಗ ಆಕ್ಸಿಲರೇಟರ್ ತಿರುವಿ ಬಿಡುತ್ತಿದ್ದಳು. ಮನೆ, ಬಂದರು, ಬಂಕು, ಬಸ್ಸು ಎಲ್ಲದರ ಮೇಲಿನ ಸಿಟ್ಟು ಆ ಎಳೆತ ಶುರುವಾದಾಗ ಮಾತ್ರ ಇಳಿಯುತ್ತಿತ್ತು.

ವ್ಯಾಪಾರ ನಿಂತದ್ದೂ ಅದರ ಮೇಲೆಯೇ. ಮೀನಿನ ವ್ಯಾನು ಗೇರುಸೊಪ್ಪ ಮುಟ್ಟುವ ಮೊದಲು ಅವಳು ಮುಟ್ಟುತ್ತಿದ್ದಳು. ಗಾಡಿ ಇಲ್ಲದಿದ್ದರೆ ಸುತ್ತು ಇಲ್ಲ, ಸುತ್ತು ಇಲ್ಲದಿದ್ದರೆ ಸುಚಿತಾ ಮತ್ತೆ ಬುಟ್ಟಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಮುಖ ನೋಡಬೇಕು.

ಕಳೆದ ತಿಂಗಳು ಯಾವನೋ ಬಸ್ಸಿನ ಕಿಟಕಿಯಿಂದ ವಿಡಿಯೋ ಮಾಡಿದ. ಸುಚಿತಾ ಏರಿನಲ್ಲಿ ಆ ಬಸ್ಸನ್ನೇ ಹಿಂದೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀಲಿ ಹೊಗೆ ಬಿಟ್ಟು ಹೋಗುವ ವಿಡಿಯೋ. ಅದಕ್ಕೆ 'ಮೀನು ರಾಕೆಟ್' ಎಂದು ಹೆಸರು ಕೊಟ್ಟು ಫೋನಿನಿಂದ ಫೋನಿಗೆ ದಾಟಿಸಿದರು. ಅದು ಭಟ್ಕಳ, ಕುಮಟೆ ಎಲ್ಲ ಸುತ್ತಿ ಕೊನೆಗೆ ದಾಸನ ಟ್ರಾಲರಿಗೂ ಹೋಯಿತು. "ದಾಸಣ್ಣ, ನಿಮ್ಮನೇಲಿ ಗೇರ್ ಹಾಕೂದು ಯಾರು, ಬ್ರೇಕ್ ಹಿಡೂದು ಯಾರು?" ಎಂದು ಬೋಟಿನವರು ಅವನ ಜೀವ ತಿಂದರು.

ದಾಸ ಮನೆಗೆ ಬಂದವನೇ, "ಗಾಡಿ ಮಾರೂದು. ನನ್ನ ಮರ್ಯಾದೆ ಹೋತು," ಎಂದ.

"ನನ್ನ ರಸ್ತೆ ಮೇಲೆ ಇಳಿಸಿ ಹೋದಾಗ ನಿಮ್ಮ ಮರ್ಯಾದೆ ಎಲ್ಲಿತ್ತು? ಆಗ ಯಾರೂ ನಗಾಡ್ಲಿಲ್ವಾ?" ಎಂದು ಸುಚಿತಾ ಕೇಳಿದಳು. ದಾಸ ಎರಡು ದಿನ ಮಾತೇ ಬಿಟ್ಟ.

ಮೂರನೆಯ ದಿನ ಸಂಜೆ ತಾನಾಗಿ ಬಂದು, "ನೀ ದಣದಿದ್ದೆ. ಇವತ್ತು ಪೆಟ್ರೋಲ್, ಆಯಿಲ್ ಎಲ್ಲ ನಾನೇ ಹಾಕಿ ಇಡ್ತೆ," ಎಂದ. ಎಂಟು ವರ್ಷದಲ್ಲಿ ಮೊದಲ ಸಲ. ಸುಚಿತಾಗೆ ಎಷ್ಟು ಸಮಾಧಾನವಾಯಿತೆಂದರೆ, ಒಲೆಯ ಮುಂದೆ ಕೂತಿದ್ದ ಅತ್ತೆ ದುರ್ಗಮ್ಮನಿಗೆ ಅದನ್ನು ಹೋಗಿ ಹೇಳಿದಳು. ಆ ಸಮಾಧಾನ ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಉಪ್ಪೋಣಿ ದಾಟಿದ ಮೇಲಿನ ಏರಿನಲ್ಲಿ ಗಾಡಿ ಹಿಡಿದುಕೊಂಡಿತು. ಎಳೆಯುತ್ತಿದ್ದ ಎಂಜಿನ್ ಕಿರ್ ಎಂದದ್ದೇ ತಡ, ಹಿಂದಿನ ಗಾಲಿ ನಿಂತೇಹೋಯಿತು. ಹಿಂದೆ ಜಲ್ಲಿಕಲ್ಲಿನ ಲಾರಿ. ಎರಡು ಬೆರಳು ಕ್ಲಚ್ಚಿನ ಮೇಲೆ ಇದ್ದುದರಿಂದ ಅವಳು ಉಳಿದಳು. ಕ್ಲಚ್ ಹಿಡಿದು, ಹೇಗೋ ಗಾಡಿಯನ್ನು ಎಡಕ್ಕೆ ಎಳೆದು ಚರಂಡಿಯ ಮಣ್ಣಿಗೆ ಬಿದ್ದಳು. ಲಾರಿ ಒಂದು ಮಾರು ದೂರದಲ್ಲಿ ಹಾರನ್ ಒತ್ತುತ್ತಾ ಹೋಯಿತು. ಮೊಣಕೈಯ ಚರ್ಮ ಕಿತ್ತುಹೋಗಿತ್ತು, ಬಂಗಡೆ ರಸ್ತೆ ತುಂಬ ಹರಡಿತ್ತು. ಹಿಂದೆ ಬಂದ ಕಾರಿನವನೊಬ್ಬ ಇಳಿದು, "ಹೆಂಗಸರಿಗೆ ಎಂತಕ್ಕೆ ಬೇಕು ಇಂಥ ಗಾಡಿ?" ಎಂದು ಬುದ್ಧಿ ಹೇಳಿ ಹೋದ. ಒಂದು ಮೀನನ್ನೂ ಹೆಕ್ಕಿಕೊಡಲಿಲ್ಲ, ದರಿದ್ರದವನು.

ಹೊನ್ನಾವರದ ಮೆಕ್ಯಾನಿಕ್ ಭಾಸ್ಕರ ಟೆಂಪೊದಲ್ಲಿ ಬಂದ ಗಾಡಿಯನ್ನು ಇಳಿಸಿಕೊಂಡು ಸಿಲಿಂಡರ್ ಬಿಚ್ಚಿದ. ಪಿಸ್ಟನ್ನಿನ ಮೈಯೆಲ್ಲ ಉದ್ದುದ್ದ ಗೀರು. ಟ್ಯಾಂಕಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದ, ಮೂಸಿದ.

"ಸುಚಿತಕ್ಕ, ದೋಣಿ ಆಯಿಲ್ ಹಾಕಿದ್ರಾ?"

"ನಂಗೆ ಹುಚ್ಚಾ?"

"ಬಣ್ಣ ನೋಡಿ. ನೀವು ಯಾವಾಗ್ಲೂ ಹಾಕೂ ಆಯಿಲ್ ಕೆಂಪು, ಇದು ಹಸ್ರು. ದೋಣಿ ಎಂಜಿನ್ನು ನೀರಲ್ಲಿ ತಂಪಾಗ್ತದೆ, ಅದಕ್ಕೆ ಈ ಆಯಿಲ್ ಸಾಕು. ಇದು ಗಾಳಿಯಲ್ಲಿ ತಂಪಾಗೂ ಎಂಜಿನ್. ಏರಲ್ಲಿ ಎಳ್ಸಿದ್ರೆ ತಡ್ಕಣೂದಿಲ್ಲ. ದೋಣಿ ಇದ್ದವರ ಮನೇಲೆಲ್ಲ ಈ ಡಬ್ಬಿ ಇರ್ತದೆ ಅಲ್ದಾ? ತಿಂಗಳಿಗೊಬ್ರು ಇದೇ ತಪ್ಪು ಮಾಡ್ಕಂಡ್ ಬರ್ತಾರೆ." ಭಾಸ್ಕರ ಸಿಲಿಂಡರಿನೊಳಗೆ ಬೆರಳಾಡಿಸಿದ. "ಇದಕ್ಕೆ ಇನ್ನೊಂದೇ ಸಲ ಒಳಗೆ ಕೊರೆದು ಬೋರ್ ಹೊಡೆಸೂಕಾಗೂದು. ಕುಮಟೆ ಲೇತಲ್ಲಿ ಮಾಡ್ಸುವ. ಪಿಸ್ಟನ್ ಭಟ್ಕಳದ ಹಳೆ ಅಂಗಡೀಲಿ ಸಿಕ್ರೆ ಸಿಕ್ತು. ಇದೂ ಹೋದ್ರೆ ಆಮೇಲೆ ನನ್ನ ಕೇಳ್ಬೇಡಿ."

ಮನೆಗೆ ಬಂದು ಕೇಳಿದರೆ ದಾಸ, "ಡಬ್ಬಿ ತಪ್ಪಾತು ಮಾರಾಯ್ತಿ," ಎಂದ. ತಪ್ಪು ಯಾರಿಗೂ ಆಗುತ್ತದೆ ಎಂದು ಸುಚಿತಾ ಸುಮ್ಮನಾದಳು. ಕೈಗೆ ಅರಿಶಿನ ಹಚ್ಚಿಕೊಳ್ಳುತ್ತಾ ಕೂತಾಗ ತಲೆಗೆ ಹೊಳೆಯಿತು: ತಮ್ಮ ಮನೆಗೆ ದೋಣಿಯೇ ಇಲ್ಲ. ದಾಸ ಹೋಗುವುದು ಡೀಸೆಲ್ ಬೋಟಿಗೆ, ಅದಕ್ಕೆ ಈ ಆಯಿಲ್ ಬೇಡ. ತಪ್ಪಿ ಕೈಗೆ ಸಿಗಲು ಆ ಡಬ್ಬಿ ಮನೆಯಲ್ಲಿ ಇರಬೇಕಲ್ಲ?

ನೆರೆಮನೆಯ ವಿಘ್ನೇಶ್ವರನಿಗೆ ಸಣ್ಣ ದೋಣಿ ಇತ್ತು. ಅವನು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ.

"ಹೌದು, ದಾಸ ಬಂದು ಆಯಿಲ್ ಕೇಳ್ದ. ಅರ್ಧ ಲೀಟರ್ ಕೊಟ್ಟೆ," ಎಂದ ವಿಘ್ನೇಶ್ವರ. "ನಿಮಗೆ ದೋಣಿ ಇಲ್ಲ, ಎಂತಕ್ಕೆ ಅಂತ ಕೇಳ್ದೆ. ಹೇಳ್ಲಿಲ್ಲ."

ಮರುದಿನ ಬೆಳಿಗ್ಗೆ ದಾಸ ಬೋಟಿಗೆ ಹೊರಟಿದ್ದ. ಅವನು ಜಗಲಿಯಲ್ಲಿ ಬಟ್ಟೆಯ ಚೀಲ ಕಟ್ಟುತ್ತಿದ್ದ. ಸುಚಿತಾ ಎದುರಿಗೆ ಬಂದು ನಿಂತಳು.

"ವಿಘ್ನೇಶ್ವರನ ಹತ್ರ ಆಯಿಲ್ ಇಸ್ಕಂಡ್ ಬಂದದ್ದು ಎಂತಕ್ಕೆ?"

ದಾಸ ಚೀಲದ ದಾರ ಬಿಚ್ಚಿದ, ಮತ್ತೆ ಕಟ್ಟಿದ. "ಊರೊಳಗೇ ನಿಂತು ಹೋಗ್ತದೆ ಅಂದ್ಕಂಡಿದ್ದೆ," ಎಂದ. "ಏರಿನವರೆಗೆ ಹೋಗ್ತದೆ ಅಂತ ಅಂದ್ಕಣ್ಲಿಲ್ಲ."

ಸುಚಿತಾಗೆ ಕಣ್ಣಿಗೆ ಕತ್ತಲೆ ಕವಿಯುವಷ್ಟು ಸಿಟ್ಟು ಬಂತು. "ಮೂರು ಸಲ ಹೇಳ್ಕೊಟ್ಟವರು ನೀವು! ಗಾಲಿ ಜಾಮ್ ಆಗ್ತದೆ ಅಂತ ಹೇಳಿದವರು ನೀವು! ನಾಲ್ಕು ಜನ ನಗಾಡಿದ್ರು ಅಂತ ನನ್ನ ಲಾರಿ ಅಡಿಗೆ ಹಾಕೂಕೆ ಹೊರಟ್ರಾ? ಮಾರೂದಿದ್ರೆ ಎದುರಿಗೆ ಜಗಳ ಮಾಡಿ ಮಾರ್ಬೇಕಿತ್ತು. ಕದ್ದು ಟ್ಯಾಂಕಿಗೆ ಕೈ ಹಾಕ್ತೀರಲ್ಲ, ಥೂ!"

ಒಳಗಿನಿಂದ ದುರ್ಗಮ್ಮ ಧಾವಿಸಿ ಬಂದಳು. "ಸಾಕು ಮಾಡೇ ಮಾರಾಯ್ತಿ! ಸಮುದ್ರಕ್ಕೆ ಹೊರಟ ಗಂಡಸಿನ ಎದುರು ಹಿಂಗೆಲ್ಲ ಬಾಯಿ ಮಾಡೂಕಾಗ. ಜೀವ ಕೈಯಲ್ಲಿ ಹಿಡ್ಕಂಡು ಹೋಗೂದು ಅವ. ನಗ್ತಾ ಕಳ್ಸೂದು ಕಲ್ತ್ಕಾ."

ಹೌದು, ಆ ಮನೆಯ ರೂಢಿ ಅದು. ಮೈ ಸುಡುವ ಜ್ವರ ಇದ್ದಾಗಲೂ, ಹಿಂದಿನ ದಿನ ಜಗಳವಾಗಿದ್ದರೂ, ಇಪ್ಪತ್ತು ವರ್ಷ ಸುಚಿತಾ ಹಲ್ಲು ಕಚ್ಚಿಕೊಂಡು ನಕ್ಕೇ ಕಳಿಸಿದ್ದಳು. ಅವಳು ಅತ್ತೆಯ ಕಡೆ ತಿರುಗಿದಳು. ದನಿ ಒಮ್ಮೆಲೇ ಇಳಿಯಿತು.

"ನಿನ್ನೆ ಬೆಳಿಗ್ಗೆ ನಾನೂ ಹೊರಟಿದ್ದೆ ಅತ್ತೆ. ಇವರು ಬಾಗಿಲಲ್ಲಿ ನಿಂತ್ಕಂಡು ನಗ್ತಾನೇ ಕಳ್ಸಿದ್ರು."

ದುರ್ಗಮ್ಮ ಮಗನ ಮುಖ ನೋಡಿದಳು. ಅವನು ಚೀಲ ಹೆಗಲಿಗೆ ಹಾಕಿ ಅಂಗಳ ಇಳಿದ. ಹೋಗಿ ಬಾ ಎಂದು ಯಾರೂ ಹೇಳಲಿಲ್ಲ, ಅವನ ತಾಯಿಯೂ ಹೇಳಲಿಲ್ಲ. ಸುಚಿತಾ ಹಳೆಯ ಪಿಸ್ಟನ್ನನ್ನು ಅಳತೆಗೆಂದು ಕಾಗದದಲ್ಲಿ ಸುತ್ತಿಕೊಂಡು ಭಟ್ಕಳದ ಬಸ್ಸಿಗೆ ಹೊರಟಳು.