ಓಡುವ ಗಡಿಯಾರ ಬಿಚ್ಚಬಾರದು

ನನ್ನ ಗಂಡ ಕೈಗಡಿಯಾರ ರಿಪೇರಿ ಮಾಡುವವರು. ಎರಡು ದೊಡ್ಡ ಅಂಗಡಿಗಳ ಸಂದಿನಲ್ಲಿ ಅವರ ಗೂಡು, ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದರೆಂದರೆ ಲೋಕ ಮುಳುಗಿದರೂ ತಲೆ ಎತ್ತುವ ಆಸಾಮಿಯಲ್ಲ.

ಸಕ್ಕರೆ ಕಾಯಿಲೆ ಒಳಗೊಳಗೇ ಅವರ ಎಡಗಣ್ಣನ್ನು ತಿಂದು ಮುಗಿಸಿತ್ತು. ಇಡೀ ದಿನ ಮುಚ್ಚಿಕೊಂಡೇ ಇರುವ ಕಣ್ಣು ಕುರುಡಾದರೆ ಗೊತ್ತಾಗುವುದಾದರೂ ಹೇಗೆ? ಬಲಗಣ್ಣಿಗೆ ಗಡಿಯಾರದ ಮುಳ್ಳು ಸೊಟ್ಟಗೆ ಕಾಣತೊಡಗಿದ ಮೇಲೆ ಆಸ್ಪತ್ರೆ ಮೆಟ್ಟಿಲು ಹತ್ತಿದರು. ಅದೂ ಮೊದಲು ಮುಳ್ಳು ಬದಲಾಯಿಸಿ ನೋಡಿ ಆಮೇಲೆ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಎಡಗಣ್ಣು ಕೈಬಿಟ್ಟಿದೆ. ಬಲಗಣ್ಣಿನ ಪರದೆಯಲ್ಲಿ ಸಣ್ಣ ರಕ್ತನಾಳ ಸೋರಿ ಊತ ಬಂದಿದೆ. ಕಣ್ಣೊಳಗೇ ಇಂಜೆಕ್ಷನ್ ಕೊಡ್ತೀವಿ, ತಿಂಗಳಿಗೊಂದು. ನಾವು ಹೇಳೋವರೆಗೂ ನಿಲ್ಲಿಸಬಾರದು."

ಕಣ್ಣೊಳಗೆ ಸೂಜಿ ಎಂದಕೂಡಲೇ ಇವರ ಜೀವ ಬಾಯಿಗೆ ಬಂತು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗೆ ಕ್ಲಿಪ್ಪು ಸಿಕ್ಕಿಸಿ ಚುಚ್ಚಿ ಕಳಿಸಿದರೆ, ಹೊರಗೆ ಬಂದು ನನ್ನ ಕೈ ಹಿಡಿದವರು ಮನೆ ಮುಟ್ಟುವವರೆಗೂ ಬಿಡುತ್ತಿರಲಿಲ್ಲ. ಆದರೂ ಹೋದರು. ಕೆಲವು ತಿಂಗಳಲ್ಲಿ ಮುಳ್ಳು ನೆಟ್ಟಗಾಯಿತು.

ಆಗ ಶುರುವಾಯಿತು ಇವರ ವರಾತ. "ಇನ್ನು ಸಾಕು ಕಣೆ. ಓಡೋ ಗಡಿಯಾರನ ಬಿಚ್ಚಬಾರದು. ನಮ್ಮಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. ಸುಮ್ಮನೆ ಬಿಚ್ಚಿದ್ರೆ ಇರೋದೂ ಕೆಡುತ್ತೆ."

"ರೀ, ಅದು ಗಡಿಯಾರ ಅಲ್ಲ, ಕಣ್ಣು. ಔಷಧಿ ಹಾಕ್ತಿರೋದಕ್ಕೇ ಓಡ್ತಿದೆ."

"ರಿಪೇರಿ ವಿಷಯ ನಿನಗೇನು ಗೊತ್ತು?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಬೈದೆ, ಕಣ್ಣೀರಿಟ್ಟೆ, ಊಟ ಬಿಟ್ಟೆ. ಅವರ ತಂಗಿಯನ್ನು ಕರೆಸಿ ಹೇಳಿಸಿದೆ. "ಅತ್ತಿಗೆ, ಅಣ್ಣ ಕೇಳೋ ಜಾತಿ ಅಲ್ಲ" ಎಂದು ಅವಳೂ ಕೈಚೆಲ್ಲಿ ಹೋದಳು. ಇವರು ಇಂಜೆಕ್ಷನ್ನಿಗೆ ಹೋಗುವುದನ್ನೇ ಬಿಟ್ಟರು. ಆಸ್ಪತ್ರೆಯಿಂದ ಫೋನು ಬಂದರೆ "ಚೆನ್ನಾಗಿದೀನಿ, ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ, "ಕನ್ನಡಿ ಮೇಲೆ ಮಸಿ ಚೆಲ್ಲಿದೋರು ಯಾರು?" ಎಂದರು. ಕನ್ನಡಿ ಶುಭ್ರವಾಗಿತ್ತು. ಬಾಯಿ ಮುಕ್ಕಳಿಸಲೂ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಕಣ್ಣೊಳಗೆ ರಕ್ತ ಸೋರಿತ್ತು. ಊತ ಮತ್ತೆ ಬಂದು ಪರದೆಯ ನಡುಭಾಗವನ್ನೇ ಹಾಳುಮಾಡಿತ್ತು. ಸೂಜಿ ಎಂದರೆ ಬೆವರುತ್ತಿದ್ದ ಮನುಷ್ಯ ಡಾಕ್ಟರಮ್ಮನ ಮೇಜು ಹಿಡಿದುಕೊಂಡು, "ಎರಡು ಹಾಕಿ ತಾಯಿ. ದಿನಾ ಹಾಕಿ, ಬರ್ತೀನಿ" ಎಂದು ಗೋಗರೆದರು.

"ಎಷ್ಟು ಹಾಕಿದ್ರೂ ನಡುವಿನ ನೋಟ ವಾಪಸ್ ಬರೋದು ಕಷ್ಟ ಯಜಮಾನರೇ. ಅಂಚಿನದ್ದು ಉಳಿಸ್ಕೊಳ್ಳೋಣ. ಇನ್ಮೇಲಾದ್ರೂ ತಪ್ಪಿಸಬೇಡಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೈಯಲು ಬಾಯಿ ತುಂಬ ಮಾತಿತ್ತು; ಕೈ ಹಿಡಿದು ಮನೆಗೆ ಕರೆತಂದೆ.

ದಿನ ಕಳೆದ ಹಾಗೆ ರಕ್ತ ಕರಗಿತು. ನಡುವಿನ ಕಪ್ಪು ಕದಲಲಿಲ್ಲ. ಗೂಡನ್ನು ಕೀಲಿಕೈ ಮಾಡುವವನಿಗೆ ಬಿಟ್ಟುಕೊಟ್ಟೆವು.

ಮುಂದಿನ ಇಂಜೆಕ್ಷನ್ನಿನ ದಿನ ಇವರು ಹಾಸಿಗೆಯಿಂದ ಏಳಲೇ ಇಲ್ಲ. "ಕೆಲಸವೇ ಹೋಯ್ತು. ಇನ್ನೇನು ಉಳಿಸೋಕೆ ಹೋಗಬೇಕು?"

ನನಗೆ ರೇಗಿತು. ಎದುರಿಗೆ ಹೋಗಿ ಕೂತು, "ನನ್ನ ಕಡೆ ನೋಡಿ" ಎಂದೆ. ಅವರು ಎದ್ದು ಕೂತು ಮುಖವನ್ನು ಪಕ್ಕದ ಗೋಡೆಗೆ ತಿರುಗಿಸಿದರು. ಓರೆಗಣ್ಣಲ್ಲಾದರೆ ಮಾತ್ರ ಅವರಿಗೆ ನಾನು ಒಂದಿಷ್ಟು ಕಾಣುತ್ತೇನೆ.

"ತಲೆ ಕಾಣುತ್ತೆ ಕಣೆ. ಮುಖ ಗೊತ್ತಾಗ್ತಿಲ್ಲ. ಅಳ್ತಿದೀಯಾ?"

"ಇಲ್ಲ," ಎಂದೆ. ಸೆರಗು ಒದ್ದೆಯಾಗುವಷ್ಟು ಅಳುತ್ತಿದ್ದೆ.

ಅವರು ಗೋಡೆ ನೋಡುತ್ತಲೇ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು. "ಚಪ್ಪಲಿ ಕೊಡು, ಹೋಗೋಣ," ಎಂದರು. "ನಿನ್ನ ತಲೆಯಾದ್ರೂ ಕಾಣ್ತಿರಲಿ."