ಪ್ಯಾಸೇಜಿನ ಟ್ರೇಲರುಗಳು

ನಮ್ಮ ಭಾವನನ್ನು ಅವರ ಕಂಪನಿಯಲ್ಲಿ ಎಲ್ಲರೂ ‘ಕೋಲಪ್ಪ’ ಎಂದೇ ಕರೆಯುತ್ತಿದ್ದರು. ಅದು ಭಾರೀ ಯಂತ್ರಗಳನ್ನು ಸಾಗಿಸುವ ಕಂಪನಿ. ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರು, ರೈಲು ಡಬ್ಬಿಯಷ್ಟು ಉದ್ದದ ಬಾಯ್ಲರು, ಇಂಥವನ್ನು ಸಾಲುಸಾಲು ಚಕ್ರಗಳ ಟ್ರೇಲರಿನ ಮೇಲೆ ಹೇರಿಕೊಂಡು, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಊರೂರು ದಾಟಿಸುತ್ತಾರೆ. ಹಾಗೆ ಹೊರಡುವ ಮೊದಲು ಒಬ್ಬ ಮನುಷ್ಯ ಆ ದಾರಿಯನ್ನೆಲ್ಲ ಹೋಗಿ ನೋಡಿಕೊಂಡು ಬರಬೇಕು. ಉದ್ದದ ಕೋಲು ಹಿಡಿದು ತಂತಿ ಎಷ್ಟು ಎತ್ತರದಲ್ಲಿದೆ, ಸೇತುವೆ ಎಷ್ಟು ಅಗಲವಿದೆ, ತಿರುವಿನಲ್ಲಿ ಯಾರ ಮನೆಯ ಮೆಟ್ಟಿಲು ರಸ್ತೆಗೆ ಚಾಚಿದೆ ಎಂದೆಲ್ಲ ಅಳೆದು, ಲೋಡು ಹೋಗುತ್ತದೋ ಇಲ್ಲವೋ ಹೇಳಬೇಕು. ಆ ಮನುಷ್ಯ ನಮ್ಮ ಭಾವ. ಅವರು ಹೋಗುತ್ತದೆ ಎಂದ ಲೋಡು ಎಲ್ಲೂ ಸಿಕ್ಕಿಹಾಕಿಕೊಂಡದ್ದೇ ಇಲ್ಲವಂತೆ. ಇದನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಕೊನೆಕೊನೆಗೆ ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಮಿಕ್ಕಿದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ.

ಅವರು ನನ್ನ ಅಕ್ಕನ ಗಂಡ. ನಾನು ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅಂಗಡಿ ಬಾಗಿಲು ಹಾಕಿ ಅಕ್ಕನ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿಯದಿದ್ದರೆ ನನಗೆ ದಿನ ಮುಗಿದಂತೆಯೇ ಅಲ್ಲ. ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಇರಬಹುದು. ಕೋಪ ಬರುವಂಥದ್ದು ಎದುರಿಗೇ ಇದ್ದರೆ ಅದು ಇನ್ನೆಲ್ಲಿ ಹೋಗಿ ಕೂರಬೇಕು?

ಭಾವನಿಗೆ ಒಂದು ಹುಚ್ಚು. ತಾವು ದಾರಿ ತೋರಿಸಿದ ಟ್ರಕ್ಕು ಟ್ರೇಲರುಗಳ ಪುಟ್ಟ ಮಾದರಿಗಳನ್ನು ಕೂಡಿಸಿಡುವುದು. ಆಟಿಕೆ ಎಂದರೆ ಮುಖ ಗಂಟಿಕ್ಕುತ್ತಿದ್ದರು. ನಿಜವಾದ ಗಾಡಿಯನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಎಲ್ಲವೂ ಅದೇ ಅಳತೆ. ಚಕ್ರ ತಿರುಗುತ್ತದೆ, ಹಿಂದಿನ ಆಕ್ಸಲ್ ಕೂಡ ಹೊರಳುತ್ತದೆ, ಕನ್ನಡಿ ಅಕ್ಕಿಕಾಳಿನಷ್ಟಿರುತ್ತದೆ. ಟ್ರೇಲರ್ ಬರಿದಾಗಿ ನಿಲ್ಲಬಾರದು ಎಂದು ಮರದಲ್ಲಿ, ತಗಡಿನಲ್ಲಿ ಲೋಡುಗಳನ್ನು ತಾವೇ ಮಾಡುತ್ತಿದ್ದರು. ಅದಕ್ಕೆ ಹೊದಿಸುವ ಟಾರ್ಪಾಲಿಗೆ ನನ್ನ ಅಂಗಡಿಯ ಬೂದು ಲೈನಿಂಗ್ ಬಟ್ಟೆಯ ತುಂಡು, ಕಟ್ಟುವ ಹಗ್ಗಕ್ಕೆ ನನ್ನದೇ ದಾರ. ಗಂಟು ಹಾಕುತ್ತಿದ್ದವಳು ಅಕ್ಕ. ಅವಳ ಬೆರಳು ಸಣ್ಣವು. ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡತಿ ತಲೆಗೆ ತಲೆ ತಾಗಿಸಿಕೊಂಡು ಒಂದು ಟ್ರಾನ್ಸ್‌ಫಾರ್ಮರಿಗೆ ಹಗ್ಗ ಬಿಗಿಯುತ್ತಿದ್ದರೆ, ಬೈಯಲು ಬಂದ ನಾನೂ ಸುಮ್ಮನೆ ನಿಂತು ನೋಡುತ್ತಿದ್ದೆ.

ತೊಂದರೆ ಬಂದದ್ದು ಗೋಡೆಯಿಂದ. ಟ್ರೇಲರನ್ನು ಮಡಿಸಿ, ಬಿಡಿಸಿ ಇಡುವುದು ಭಾವನಿಗೆ ಆಗದು. ಮುಂದೆ ಎಳೆಯುವ ಗಾಡಿಯಿಂದ ಹಿಂದೆ ತಳ್ಳುವ ಗಾಡಿಯವರೆಗೆ ಎಲ್ಲ ಒಂದೇ ಸಾಲಿನಲ್ಲಿ ನೇರವಾಗಿ ನಿಲ್ಲಬೇಕು. ಅದಕ್ಕೆ ಉದ್ದದ ಗೋಡೆ ಬೇಕು. ಆ ಮನೆಯಲ್ಲಿ ಉದ್ದದ ಗೋಡೆ ಇದ್ದದ್ದು ಪ್ಯಾಸೇಜಿನಲ್ಲಿ ಮಾತ್ರ. ಮೊದಲ ಮಹಡಿಯ ಮನೆ. ಮೆಟ್ಟಿಲು ಹತ್ತಿದರೆ ಮುಂದಿನ ಕೋಣೆ, ಅಲ್ಲಿಂದ ಉದ್ದಕ್ಕೆ ಪ್ಯಾಸೇಜು, ಬಚ್ಚಲಿನ ಹತ್ತಿರ ಒಂದು ತಿರುವು, ತಿರುವಿನ ಆಚೆ ಮಲಗುವ ಕೋಣೆ. ಮೊದಲು ಒಂದು ಬದಿಗೆ ಗಾಜಿನ ಕಪಾಟು ಬಂತು. ಆಮೇಲೆ ಇನ್ನೊಂದು ಬದಿಗೆ. ಕೊನೆಗೆ ತಿರುವಿನ ಮೂಲೆಗೂ ಒಂದು ಬಂದು ಸ್ಕ್ರೂ ಹೊಡೆಸಿಕೊಂಡು ಕೂತಿತು. ನಾನು ಸ್ವಲ್ಪ ಮೈ ತುಂಬಿಕೊಂಡವಳು. ಕೈಚೀಲ ಎದೆಗವಚಿಕೊಂಡು ಅಡ್ಡಡ್ಡ ನಡೆಯಬೇಕಾಗುತ್ತಿತ್ತು. “ನಿನ್ನ ತಂಗಿ ಬಂದ್ಲು, ದಾರಿ ಬಂದ್ ಮಾಡ್ಸು” ಎಂದು ಭಾವ ಅಕ್ಕನಿಗೆ ಕೂಗಿ ಹೇಳುತ್ತಿದ್ದರು. ನಗುತ್ತಿದ್ದೆವು.

ಅಕ್ಕನ ಹೃದಯ ಕೈಕೊಡತೊಡಗಿದ ಮೇಲೆ ನಗು ನಿಂತಿತು. ಕಾಲು ಊದಿಕೊಂಡಿತು, ನಾಲ್ಕು ಮಾತಾಡಿದರೆ ಏದುಸಿರು ಬಂತು, ಆಮೇಲೆ ಹಾಸಿಗೆಯೇ ಗತಿಯಾಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಯಾವಾಗ ಬೇಕಾದ್ರೂ ಓಡಿಸ್ಕೊಂಡು ಬರ್ಬೇಕಾಗುತ್ತೆ. ಕೆಳಗಿಳಿಸೋ ದಾರಿ ಸರಿಯಾಗಿ ಇಟ್ಕೊಳ್ಳಿ” ಎಂದರು. ಅವತ್ತಿನಿಂದ ನನಗೆ ಕಣ್ಣು ಮುಚ್ಚಿದರೆ ಆ ಪ್ಯಾಸೇಜು.

“ಭಾವ, ಈ ಕಪಾಟು ತೆಗೀರಿ.”

“ಎಲ್ಲಿಡ್ಲಿ?”

“ನನ್ನ ಅಂಗಡೀಲಿ ಇಡಿ. ನನ್ನ ತಲೆ ಮೇಲಿಡಿ. ಒಟ್ನಲ್ಲಿ ತೆಗೀರಿ.”

“ಅಳತೆ ನೋಡಿದೀನಿ ಕಣಮ್ಮ. ಸ್ಟ್ರೆಚರ್ ಹೋಗುತ್ತೆ.”

ಗೋಡೆಗೆ ಹೇಳಿದಂತಾಯಿತು. ಅಕ್ಕನ ಹತ್ತಿರ ಹೋಗಿ ದೂರು ಹೇಳಿದರೆ ಅವಳು ಇನ್ನೂ ಒಂದು ಕೈ ಮೇಲು. ದಿಂಬಿಗೆ ಒರಗಿಕೊಂಡು, ಒಂದೊಂದೇ ಮಾತಿಗೆ ಉಸಿರು ಎಳೆದುಕೊಂಡು ಹೇಳಿದಳು: “ಬಿಡೇ. ಕೆಲ್ಸ ಬಿಟ್ಮೇಲೆ ಅವರಿಗೆ ಇನ್ನೇನಿದೆ? ನಾನೂ ಹೀಗೆ. ಅದನ್ನೂ ಕಿತ್ಕೊಂಡ್ರೆ ಆ ಮನುಷ್ಯ ಏನ್ ನೋಡ್ಕೊಂಡು ಕೂತ್ಕೋಬೇಕು?”

“ನಿನ್ನ ನೋಡ್ಕೊಂಡು ಕೂತ್ಕೊಳ್ಲಿ!”

“ನೋಡ್ತಾರೆ. ಗಂಟೆಗೊಂದ್ಸಲ ಬಂದು ಕಾಲು ಒತ್ತಿ ನೋಡ್ತಾರೆ, ಊತ ಇಳೀತಾ ಅಂತ.”

ಅದು ಸುಳ್ಳಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಮಾತ್ರೆ ಕೊಡುವುದು ಎಲ್ಲ ಭಾವನೇ. ಹೆಂಡತಿಯನ್ನು ಕಂಡರೆ ಆಗದ ಗಂಡನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ.

ನನ್ನ ಕಾಟ ತಡೆಯಲಾರದೆ ಭಾವ ಒಂದು ಭಾನುವಾರ ನನ್ನನ್ನು ಊಟದ ಮೇಜಿಗೆ ಕರೆದರು. ಮೇಜಿನ ಮೇಲೆ ರಟ್ಟಿನಲ್ಲಿ ಪ್ಯಾಸೇಜನ್ನೇ ಕಟ್ಟಿಟ್ಟಿದ್ದರು. ಎರಡೂ ಗೋಡೆ, ಕಪಾಟುಗಳು, ಬಚ್ಚಲ ಬಾಗಿಲು, ತಿರುವು, ಎಲ್ಲ ಅದೇ ಐವತ್ತರ ಅಳತೆ. ಸ್ಟ್ರೆಚರಿನಷ್ಟೇ ಒಂದು ರಟ್ಟನ್ನು ಕತ್ತರಿಸಿ ಪುಟ್ಟ ಟ್ರೇಲರಿನ ಮೇಲೆ ಇಟ್ಟು ಮೆಲ್ಲಗೆ ತಳ್ಳಿದರು. ತಿರುವಿನಲ್ಲಿ ಮೂತಿಯನ್ನು ಒಳಕ್ಕೆ ಎಳೆದು ಬಾಲವನ್ನು ಹೊರಕ್ಕೆ ಹಾಕಿದರು. ರಟ್ಟು ಎಲ್ಲೂ ತಾಗದೆ ಆಚೆ ಬಂತು.

“ನೋಡಿದ್ಯಾ?”

“ಎತ್ಕೊಳ್ಳೋ ಜನ?”

“ಮುಂದೊಬ್ಬ, ಹಿಂದೊಬ್ಬ. ಪಕ್ಕದಲ್ಲಿ ಯಾರೂ ಇರ್ಬಾರ್ದು. ಲೋಡ್ ತಿರುಗೋವಾಗ ಪಕ್ಕದಲ್ಲಿ ನಿಂತೋನು ಸತ್ತ ಅಂತಾನೇ ಲೆಕ್ಕ. ನಮ್ಮಲ್ಲಿ ಎಲ್ಲಾರ್ನೂ ಮೊದ್ಲೇ ದೂರ ಓಡಿಸಿಬಿಡ್ತೀವಿ.”

ನಾನೂ ಅಳತೆಯ ಕೆಲಸದವಳೇ. ರವಿಕೆಗೆ ಅಳತೆ ತೆಗೆದರೆ ಅಷ್ಟಕ್ಕೇ ಕತ್ತರಿ ಹಾಕುವುದಿಲ್ಲ, ಉಸಿರಾಡಲು ಎರಡು ಬೆರಳು ಸಡಿಲ ಬಿಡುತ್ತೇವೆ. ಅದನ್ನೇ ಹೇಳಿದೆ. “ಸ್ಟ್ರೆಚರ್ ಉಸಿರಾಡಲ್ಲ” ಎಂದು ಭಾವ ನಕ್ಕರು. ಏನೋ ಸರಿಯಿಲ್ಲ ಎಂದು ಅನಿಸುತ್ತಿತ್ತು. ಏನೆಂದು ಹೇಳಲು ಬರಲಿಲ್ಲ. ಕಣ್ಣೆದುರಿಗೇ ರಟ್ಟು ದಾಟಿ ಹೋಗಿತ್ತಲ್ಲ.

ಆ ದಿನ ಬಂದದ್ದು ಮಧ್ಯಾಹ್ನ, ಬಟ್ಟೆ ಒಣಗುವಂಥ ಒಳ್ಳೆಯ ಬಿಸಿಲಿನಲ್ಲಿ. ಭಾವನ ಫೋನು ಬಂದಾಗ ಕತ್ತರಿ ಎಲ್ಲಿ ಬಿಸಾಕಿದೆನೋ, ಓಡಿದೆ. ನಾನು ಮೆಟ್ಟಿಲು ಹತ್ತುವಾಗಲೇ ಆಂಬುಲೆನ್ಸಿನವರು ಒಳಗಿದ್ದರು. ಇಬ್ಬರು ಗಂಡಸರು, ಒಬ್ಬ ನರ್ಸು. ಅಕ್ಕನಿಗೆ ತಾನಾಗಿ ಉಸಿರು ಎಳೆಯಲು ಆಗುತ್ತಿರಲಿಲ್ಲ. ನರ್ಸು ಅವಳ ಮುಖಕ್ಕೆ ಮುಖವಾಡ ಒತ್ತಿ ಹಿಡಿದು, ಅದಕ್ಕೆ ಸೇರಿದ ರಬ್ಬರಿನ ಚೀಲವನ್ನು ಅಮುಕುತ್ತಿದ್ದಳು. ಅಮುಕಿದರೆ ಅಕ್ಕನ ಎದೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸ್ಟ್ರೆಚರಿನ ತಲೆಯ ಕಡೆಯನ್ನು ಸ್ವಲ್ಪ ಎತ್ತರಿಸಿ ಅವಳನ್ನು ಒರಗಿಸಿದ್ದರು. ಗಂಡಸರು ಮುಂದೊಬ್ಬ ಹಿಂದೊಬ್ಬ ಎತ್ತಿಕೊಂಡರು. ನರ್ಸು ಅಕ್ಕನ ತಲೆಯ ಪಕ್ಕದಲ್ಲಿ ಅಮುಕುತ್ತಲೇ ನಡೆದಳು.

ಭಾವ ಎಲ್ಲರಿಗಿಂತ ಮುಂದೆ, ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ಕೈ ತೋರಿಸುತ್ತಿದ್ದರು. ಇಡೀ ಜೀವಮಾನ ಮಾಡಿದ ಕೆಲಸ. “ಬನ್ನಿ, ಬನ್ನಿ, ಎಡಕ್ಕೆ, ಇನ್ನೂ ಎಡಕ್ಕೆ, ಬಾಲ ಹೊರಗೆ ಹಾಕಿ.” ನಾನು ದಾರಿ ಬಿಡಲೆಂದು ಬಚ್ಚಲ ಬಾಗಿಲಲ್ಲಿ ಅಂಟಿಕೊಂಡು ನಿಂತೆ. ಸ್ಟ್ರೆಚರು ಅವರು ಹೇಳಿದಂತೆಯೇ ತಿರುವಿಗೆ ಬಂತು, ತಿರುಗಿತು. ಆದರೆ ಮೂಲೆಯ ಕಪಾಟಿಗೂ ಸ್ಟ್ರೆಚರಿಗೂ ನಡುವೆ ನರ್ಸು ಸಿಕ್ಕಿಕೊಂಡಳು. ಮುಂದೆ ಹೋಗಲು ಅವಳಿಗೆ ಜಾಗವಿಲ್ಲ, ಹಿಂದೆ ಸರಿದರೆ ಕೈಗೆ ಅಕ್ಕ ಎಟುಕುವುದಿಲ್ಲ.

“ಅದನ್ನ ತೆಗೀರಿ!” ಎಂದು ಅವಳು ಕಿರುಚಿದಳು.

ಗಂಡಸರು ಹಿಂದಕ್ಕೆ ಎಳೆದು ಮತ್ತೆ ತಿರುಗಿಸಿದರು. ಮತ್ತೆ ಅದೇ ಆಯಿತು. ನರ್ಸಿನ ಕೈ ರಬ್ಬರಿನ ಚೀಲದಿಂದ ಜಾರಿತು. ಅಕ್ಕನ ಎದೆ ಏಳಲಿಲ್ಲ. ನಾನು ಕಪಾಟನ್ನು ಒದ್ದೆ, ಅದು ಅಲುಗಲಿಲ್ಲ, ಅಷ್ಟು ಚೆನ್ನಾಗಿ ಸ್ಕ್ರೂ ಹೊಡೆದಿದ್ದರು. ಆಗ ಭಾವ ಸ್ಟ್ರೆಚರಿನ ಕೆಳಗೆ ನುಸುಳಿ ಬಂದು, ಎರಡೂ ಕೈಯಿಂದ ಕಪಾಟನ್ನು ಹಿಡಿದು ಗೋಡೆಯಿಂದ ಕಿತ್ತರು. ಗಾರೆ ಉದುರಿತು, ಗಾಜು ಒಡೆದು ಅಂಗೈ ಸೀಳಿತು, ಟ್ರಕ್ಕುಗಳೆಲ್ಲ ನೆಲಕ್ಕೆ ಬಿದ್ದವು. ಅವುಗಳನ್ನು ತುಳಿದುಕೊಂಡೇ ಅಕ್ಕನನ್ನು ಕೆಳಗಿಳಿಸಿದರು. ಗಾಡಿ ಬೀದಿಯ ಕೊನೆ ಮುಟ್ಟುವುದರೊಳಗೆ ಅವಳು ಹೋಗಿಬಿಟ್ಟಿದ್ದಳು.

ಅಂತ್ಯಸಂಸ್ಕಾರ ಮುಗಿದ ಮೇಲೆ ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಹತ್ತಿದ್ದರೆ ಏನು ಆಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಆ ನರ್ಸು ಮಾತ್ರ ಅಂಗಡಿ ಹುಡುಕಿಕೊಂಡು ಬಂದಿದ್ದಳು. “ಅವರ ಹೃದಯ ಮೊದ್ಲೇ ಪೂರ್ತಿ ಸೋತಿತ್ತಮ್ಮ. ದಾರಿ ಬಿಡುವಾಗಿದ್ರೂ ಉಳೀತಿದ್ರು ಅಂತ ಯಾರೂ ಹೇಳಕ್ಕಾಗಲ್ಲ. ಯಜಮಾನ್ರಿಗೂ ಹೇಳಿ” ಎಂದಳು. ನಾನು ಹೇಳಲಿಲ್ಲ. ಅವರು ಬೇಯಲಿ ಎಂದು ಅನಿಸಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು.

ಇಂಥ ಮಾದರಿಗಳನ್ನು ಕೂಡಿಸುವವರದ್ದೇ ಒಂದು ಸಂಘವಿದೆ. ವರ್ಷಕ್ಕೊಮ್ಮೆ ಒಂದು ಸಭಾಂಗಣ ಹಿಡಿದು, ಮೇಜುಗಳ ಮೇಲೆ ತಮ್ಮ ತಮ್ಮ ಗಾಡಿಗಳನ್ನು ಜೋಡಿಸಿ ಜನರಿಗೆ ತೋರಿಸುತ್ತಾರೆ. ಆ ವರ್ಷವೂ ಕೋಲಪ್ಪ ಮೇಜು ಹಾಕಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಸತ್ತು ವರ್ಷ ತುಂಬಿಲ್ಲ, ಇವರಿಗೆ ಟ್ರಕ್ಕಿನ ಮೆರವಣಿಗೆಯೇ? ಎಲ್ಲರೆದುರಿಗೆ ಮರ್ಯಾದೆ ಕಳೆಯಬೇಕೆಂದೇ ಹೊರಟೆ.

ಸಭಾಂಗಣದಲ್ಲಿ ಸಂತೆಯಷ್ಟು ಗದ್ದಲ. ಒಂದೊಂದು ಮೇಜಿನ ಮೇಲೂ ಬಣ್ಣಬಣ್ಣದ ಟ್ರಕ್ಕುಗಳು, ಮಿಣುಕುವ ದೀಪಗಳು. ಭಾವನ ಮೇಜಿನ ಮೇಲೆ ಒಂದು ಗಾಡಿಯೂ ಇರಲಿಲ್ಲ. ರಟ್ಟಿನ ಪ್ಯಾಸೇಜು ಮಾತ್ರ ಇತ್ತು. ಸ್ಟ್ರೆಚರು ತಿರುವಿನಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ಮೇಣದಲ್ಲಿ ಮಾಡಿದ ಪುಟ್ಟ ಹೆಂಗಸೊಬ್ಬಳು ಕಪಾಟಿಗೆ ಒತ್ತಿಕೊಂಡಿದ್ದಳು.

ಬಂದವರಿಗೆಲ್ಲ ಭಾವ ಕಂಪನಿಗೆ ವರದಿ ಒಪ್ಪಿಸುವ ದನಿಯಲ್ಲಿ ಹೇಳುತ್ತಿದ್ದರು: “ಇಲ್ಲಿ ನಿಂತ್ಹೋಯ್ತು. ಪಕ್ಕದಲ್ಲಿ ಜನ ಇರ್ತಾರೆ ಅನ್ನೋದನ್ನ ಅಳತೆ ತೆಗೆದೋನು ಲೆಕ್ಕಕ್ಕೆ ತಗೊಂಡಿರ್ಲಿಲ್ಲ.” ಕೇಳಿದವರು ತಲೆಯಾಡಿಸಿ ಮುಂದಿನ ಮೇಜಿಗೆ ಹೋಗುತ್ತಿದ್ದರು. ಭಾವ ಇನ್ನೊಬ್ಬರಿಗೆ ಮೊದಲಿನಿಂದ ಹೇಳುತ್ತಿದ್ದರು.

ಬೈಯಲೆಂದೇ ಮೇಜಿನ ಹತ್ತಿರ ಹೋದೆ. ಅವರ ಅಂಗಿಯ ಕಾಲರು ಕೊಳೆಯಾಗಿತ್ತು, ಅಂಗೈಯ ಗಾಯದ ಗೆರೆ ಇನ್ನೂ ಕೆಂಪಗಿತ್ತು. ನರ್ಸು ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ದಾರಿ ಬಿಡುವಾಗಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದಂತೆ, ಭಾವ.

ಅವರು ತಲೆ ಅಲ್ಲಾಡಿಸಿದರು. “ಅದು ಬೇಡ ಬಿಡು. ನೀನು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ ಅಲ್ವಾ? ಅವಳ ಮುಖ ಕಾಣ್ತಿತ್ತಾ?”

“ಕಾಣ್ತಿತ್ತು.”

“ಕಣ್ಣು ಬಿಟ್ಟಿದ್ಲಾ?”

ಬಿಟ್ಟಿದ್ದಳು. ಮುಖವಾಡದ ಮೇಲೆ ಅವಳ ಎರಡು ಕಣ್ಣು, ನನ್ನಿಂದ ಒಂದು ಗೇಣು ದೂರದಲ್ಲಿ. ನನ್ನ ಕಡೆ ತಿರುಗಲೇ ಇಲ್ಲ. ಸುಳ್ಳು ಹೇಳಬಹುದಿತ್ತು. ಯಾವ ಸುಳ್ಳು ಅವರಿಗೆ ಒಳ್ಳೆಯದೆಂದು ಗೊತ್ತಾಗಲಿಲ್ಲ.

“ನಿಮ್ಮನ್ನೇ ನೋಡ್ತಾ ಇದ್ಲು ಭಾವ. ಕೊನೇವರ್ಗೂ ನಿಮ್ಮನ್ನೇ.”

ಭಾವ ಮೇಜಿನ ಅಂಚು ಹಿಡಿದುಕೊಂಡರು. “ನಾನು ಮೂಲೆ ನೋಡ್ತಾ ಇದ್ದೆ” ಎಂದರು.

ಅಷ್ಟರಲ್ಲಿ ಯಾರೋ ಗಂಡ ಹೆಂಡತಿ ಮೇಜಿನ ಹತ್ತಿರ ಬಂದು, ಇದು ಯಾವ ಗಾಡಿ ಎಂದು ಕೇಳಿದರು. ಭಾವ ಮೇಜಿನ ಅಂಚು ಬಿಡಲಿಲ್ಲ. ಗಾಡಿಯಲ್ಲ, ಇದು ನಮ್ಮ ಅಕ್ಕನ ಮನೆ ಎಂದು ನಾನೇ ಹೇಳಿದೆ.